ಮಾಯಾ ಡೆರೆನ್: ಒಬ್ಬ ಚಲಚ್ಚಿತ್ರಕರ್ತ್ರಿಯ ಜೀವನವೂ ಕಾರ್ಯವೂ

(ಮೇಲಿನ ತರಗತಿಗಳ ವಿದ್ಯಾರ್ಥಿನಿಯರಿಗಾಗಿ ಒಂದು ಪಾಠ)



ಚಲಚ್ಚಿತ್ರವನ್ನು ನೋಡದೆ ಇರುವವಳು ನಿಮ್ಮಲ್ಲಿ ಒಬ್ಬಳೂ ಇರಲಾರಳು. ಪರದೆಯ ಮೇಲೆ ಕಾಣುವ ನಟನಟಿಯರ ಹೆಸರುಗಳು ನಿಮಗೆ ಬಾಯಿಪಾಠವಾಗಿರುವುವು. ಆದರೆ ಆ ನಟಿಯ ಮುಖದ ಮೇಲೆ ಬೆಳಕು ಎಲ್ಲಿಂದ ಬೀಳಬೇಕು, ಯಂತ್ರವು ಎಷ್ಟು ದೂರದಲ್ಲಿ ನಿಲ್ಲಬೇಕು, ಒಂದು ದೃಶ್ಯದ ಬೆನ್ನಿಗೆ ಯಾವ ದೃಶ್ಯವು ಬರಬೇಕು ಎಂಬುದನ್ನು ನಿಶ್ಚಯಿಸಿದವರ ಹೆಸರನ್ನು ಕೇಳಿದರೆ ನಮ್ಮಲ್ಲಿ ಬಹು ಮಂದಿ ಸುಮ್ಮನಾಗುವೆವು. ಕಟ್ಟಡವನ್ನು ಹೊಗಳುವವರು ಅಸ್ತಿಭಾರವನ್ನು ಮರೆಯುವುದು ಲೋಕರೂಢಿಯಷ್ಟೆ.

ಈ ಮರೆತ ಕೆಲಸದಲ್ಲಿ ಸ್ತ್ರೀಯರ ಪಾಲು ಎಷ್ಟು? ಯಂತ್ರದ ಮುಂದೆ ನಿಲ್ಲುವ ಸ್ಥಾನವು ಅವರಿಗೆ ಮೊದಲಿನಿಂದಲೂ ದೊರೆಯಿತು. ಯಂತ್ರದ ಹಿಂದೆ ನಿಲ್ಲುವ ಸ್ಥಾನವು ಬಹು ಕಾಲ ದೊರೆಯಲಿಲ್ಲ. ಅಮೇರಿಕಾದ ಚಲಚ್ಚಿತ್ರ ಅಕಾಡೆಮಿಯು ಛಾಯಾಗ್ರಹಣಕ್ಕೆ ಬಹುಮಾನ ಕೊಡಲಾರಂಭಿಸಿದುದು 1929ರಲ್ಲಿ. ಆ ಬಹುಮಾನಕ್ಕೆ ಒಬ್ಬ ಸ್ತ್ರೀಯ ಹೆಸರು ಸೂಚಿತವಾದುದೇ 2018ರಲ್ಲಿ. ರೇಚಲ್ ಮಾರಿಸನ್ ಎಂಬಾಕೆಯು ‘ಮಡ್‌ಬೌಂಡ್’ ಎಂಬ ಚಿತ್ರವನ್ನು ತೆಗೆದುದಕ್ಕಾಗಿ ಆ ಗೌರವವನ್ನು ಪಡೆದಳು. ಮಧ್ಯದಲ್ಲಿ ಕಳೆದ ವರ್ಷಗಳನ್ನು ನೀವೇ ಎಣಿಸಿಕೊಳ್ಳಿರಿ.

ನಮ್ಮ ನಾಡಿನ ಸಂಬಂಧವುಳ್ಳ ಒಂದು ಉದಾಹರಣೆಯೂ ಉಂಟು. ‘ಸ್ಕೂಲ್ ಮಾಸ್ಟರ್’ (1958), ‘ಕಿತ್ತೂರು ಚೆನ್ನಮ್ಮ’ (1961) ಎಂಬ ಚಿತ್ರಗಳನ್ನು ಕನ್ನಡಿಗರಿಗೆ ಕೊಟ್ಟ ಬಿ. ಆರ್. ಪಂತುಲು ಅವರ ಮಗಳು ಬಿ. ಆರ್. ವಿಜಯಲಕ್ಷ್ಮಿಯವರು 1985ರಲ್ಲಿ ‘ಚಿನ್ನ ವೀಡು’ ಎಂಬ ತಮಿಳು ಚಿತ್ರಕ್ಕೆ ಸ್ವತಃ ಛಾಯಾಗ್ರಹಣ ಮಾಡಿ, ಭಾರತದಲ್ಲಿ ಆ ಹಾದಿಯನ್ನು ತೆರೆದವರಲ್ಲಿ ಒಬ್ಬರಾದರು.

ಇಂದಿನ ಪಾಠಕ್ಕಾಗಿ ನಾನು ಆರಿಸಿಕೊಂಡವಳು ಇವರೆಲ್ಲರಿಗಿಂತ ಹಿಂದಿನವಳು. ಯಾವ ದೊಡ್ಡ ಕಂಪೆನಿಯ ಬಾಗಿಲನ್ನೂ ಕಾಯದೆ ತನ್ನ ಮನೆಯನ್ನೇ ಕಾರ್ಯಾಲಯವನ್ನಾಗಿ ಮಾಡಿಕೊಂಡವಳು. ಕಥೆಯನ್ನು ಕಲ್ಪಿಸುವುದು, ಯಂತ್ರವನ್ನು ಹಿಡಿಯುವುದು, ನಟಿಸುವುದು, ಫಿಲ್ಮನ್ನು ಕತ್ತರಿಸಿ ಜೋಡಿಸುವುದು, ಸಭೆಗಳಿಗೆ ಹೊತ್ತುಕೊಂಡು ಹೋಗಿ ತೋರಿಸುವುದು, ತೋರಿಸಿದುದರ ತತ್ತ್ವವನ್ನು ಲೇಖನದಲ್ಲಿ ವಿವರಿಸುವುದು, ಈ ಆರನ್ನೂ ಮಾಡಿದವಳು. ಆಕೆಯ ಹೆಸರು ಮಾಯಾ ಡೆರೆನ್.

ಬಾಲ್ಯವೂ ವಿದ್ಯಾಭ್ಯಾಸವೂ

ಈಕೆಯು 1917ನೆಯ ಏಪ್ರಿಲ್ 29ರಂದು ಯುಕ್ರೇನಿನ ಕೀವ್ ನಗರದಲ್ಲಿ ಒಂದು ಯೆಹೂದ್ಯ ಕುಟುಂಬದಲ್ಲಿ ಹುಟ್ಟಿದಳು. ತಂದೆತಾಯಿಗಳು ಇಟ್ಟ ಹೆಸರು ಎಲಿಯನೋರಾ ಡೆರೆನ್‌ಕೋವ್‌ಸ್ಕಿ. ತಂದೆಯು ಮನೋರೋಗಗಳ ವೈದ್ಯನು. ರಷ್ಯಾದ ಕ್ರಾಂತಿಯ ಹಿಂದೆಮುಂದೆ ಆ ಸೀಮೆಯಲ್ಲಿ ಯೆಹೂದ್ಯರ ಮೇಲೆ ನಡೆದ ಹಿಂಸೆಗಳು ಘೋರವಾದುವು. ಈ ಕುಟುಂಬವು 1922ರಲ್ಲಿ ಹುಟ್ಟೂರನ್ನು ತೊರೆದು ಅಮೇರಿಕಾ ಸಂಯುಕ್ತ ಸಂಸ್ಥಾನವನ್ನು ಸೇರಿ, ನ್ಯೂಯಾರ್ಕ್ ಪ್ರಾಂತದ ಸಿರಾಕ್ಯೂಸ್ ಎಂಬ ಊರಿನಲ್ಲಿ ನೆಲೆಸಿತು. ಡೆರೆನ್‌ಕೋವ್‌ಸ್ಕಿ ಎಂಬ ಉದ್ದವಾದ ಹೆಸರು ಅಲ್ಲಿ ಡೆರೆನ್ ಎಂದು ಮೊಟಕಾಯಿತು. ಐದು ವರ್ಷದ ಮಗುವು ಭಾಷೆ, ಬೀದಿ, ಊಟ, ಹೆಸರು ಎಲ್ಲವನ್ನೂ ಬದಲಿಸಿಕೊಳ್ಳಬೇಕಾಯಿತು. ಮುಂದೆ ಆಕೆಯ ಚಿತ್ರಗಳಲ್ಲಿ ಒಬ್ಬ ಹೆಂಗಸು ಒಂದು ಲೋಕದಿಂದ ಇನ್ನೊಂದು ಲೋಕಕ್ಕೆ ಒಂದೇ ಹೆಜ್ಜೆಯಲ್ಲಿ ದಾಟುವುದನ್ನು ಕಾಣುವಾಗ ಈ ಬಾಲ್ಯವು ನಮ್ಮ ನೆನಪಿಗೆ ಬಾರದಿರದು.

ಹದಿಮೂರನೆಯ ವಯಸ್ಸಿನಲ್ಲಿ ಆಕೆಯನ್ನು ಸ್ವಿಟ್ಜರ್ಲೆಂಡಿನ ಜಿನೀವಾ ನಗರದಲ್ಲಿದ್ದ ಅಂತರರಾಷ್ಟ್ರೀಯ ಶಾಲೆಗೆ ಕಳುಹಿಸಿದರು. ಅಲ್ಲಿಂದ ಹಿಂದಿರುಗಿ ಸಿರಾಕ್ಯೂಸಿನಲ್ಲಿಯೂ ಅನಂತರ ನ್ಯೂಯಾರ್ಕಿನಲ್ಲಿಯೂ ಓದಿ 1936ರಲ್ಲಿ ಪದವೀಧರೆಯಾದಳು. 1939ರಲ್ಲಿ ಸ್ತ್ರೀಯರಿಗಾಗಿಯೇ ಸ್ಥಾಪಿತವಾದ ಸ್ಮಿತ್ ಕಾಲೇಜಿನಿಂದ ಆಂಗ್ಲ ಸಾಹಿತ್ಯದಲ್ಲಿ ಎಂ. ಎ. ಪದವಿಯನ್ನು ಪಡೆದಳು. ಫ್ರೆಂಚ್ ಸಂಕೇತವಾದಿ ಕವಿಗಳು ಇಂಗ್ಲಿಷ್ ಕವಿತೆಯ ಮೇಲೆ ಬೀರಿದ ಪ್ರಭಾವವೇ ಆಕೆಯ ಪ್ರಬಂಧದ ವಿಷಯ. ಇದನ್ನು ನೀವು ಗಮನಿಸಬೇಕು. ಆಕೆಯು ಚಲಚ್ಚಿತ್ರದ ಶಾಲೆಯಲ್ಲಿ ಕಲಿತವಳಲ್ಲ. ಪದ್ಯವನ್ನು ಓದಲು ಕಲಿತವಳು. ಮಾತಿನಲ್ಲಿ ಹೇಳಲಾರದುದನ್ನು ಒಂದು ವಸ್ತುವನ್ನು ತೋರಿಸಿ ಸೂಚಿಸುವುದು ಆ ಕವಿಗಳ ಮಾರ್ಗ. ಡೆರೆನ್ ಸ್ವತಃ ಕವಿತೆಗಳನ್ನು ಬರೆಯುತ್ತಿದ್ದಳು. ತನ್ನ ಮನಸ್ಸಿನಲ್ಲಿ ಚಿತ್ರಗಳಾಗಿ ಏಳುತ್ತಿದ್ದುದನ್ನು ಮಾತಿಗೆ ಇಳಿಸುವುದೇ ಕಷ್ಟವಾಗಿತ್ತೆಂದೂ, ಕ್ಯಾಮರಾ ಕೈಗೆ ಬಂದಮೇಲೆ ಆ ತರ್ಜುಮೆಯ ಶ್ರಮವು ತಪ್ಪಿತೆಂದೂ ಆಕೆಯು ಹೇಳಿಕೊಂಡಿದ್ದಾಳೆ.

ಓದು ಮುಗಿದ ಮೇಲೆ ಹೊಟ್ಟೆಯ ಪಾಡು ಕಾದಿತ್ತು. ಬೇರೆಯವರ ಲೇಖನಗಳನ್ನು ಬೆರಳಚ್ಚು ಮಾಡಿಕೊಡುತ್ತ, ಗ್ರಂಥಕರ್ತರಿಗೆ ಕಾರ್ಯದರ್ಶಿಯಾಗಿ ದುಡಿಯುತ್ತ ಕೆಲಕಾಲ ಕಳೆದಳು. 1941ರಲ್ಲಿ ಕ್ಯಾಥರೀನ್ ಡನ್‌ಹ್ಯಾಮ್ ಎಂಬ ಪ್ರಸಿದ್ಧ ನರ್ತಕಿಯ ಬಳಿ ಕಾರ್ಯದರ್ಶಿಯಾಗಿ ಸೇರಿದಳು. ಡನ್‌ಹ್ಯಾಮ್ ನೀಗ್ರೋ ಜನಾಂಗದವಳು. ನರ್ತನದೊಡನೆ ಮಾನವಶಾಸ್ತ್ರವನ್ನೂ ಅಭ್ಯಸಿಸಿ, ಹೈಟಿಯ ನೃತ್ಯಗಳನ್ನು ಅಲ್ಲಿಗೇ ಹೋಗಿ ಕಲಿತವಳು. ನರ್ತನದ ಪ್ರೀತಿಯೂ ಹೈಟಿಯ ಕುತೂಹಲವೂ ಡೆರೆನಳಿಗೆ ಇಲ್ಲಿಂದ ಬಂದುವು. ಗುಮಾಸ್ತೆಯ ಕೆಲಸವೆಂದು ಕೀಳಾಗಿ ಎಣಿಸಿದ್ದರೆ ಈ ಎರಡು ಲಾಭಗಳೂ ಕೈತಪ್ಪುತ್ತಿದ್ದುವು.

ಮೊದಲನೆಯ ಚಿತ್ರ

ಡನ್‌ಹ್ಯಾಮಳ ನೃತ್ಯತಂಡವು ಲಾಸ್ ಏಂಜಲೀಸಿಗೆ ಬಂದಾಗ ಡೆರೆನಳಿಗೆ ಅಲೆಕ್ಸಾಂಡರ್ ಹಮ್ಮಿಡ್ ಎಂಬ ಛಾಯಾಗ್ರಾಹಕನ ಪರಿಚಯವಾಯಿತು. ಆತನು ಚೆಕ್ ದೇಶದವನು. ನಾಜಿಗಳ ಹಾವಳಿಯಿಂದ ದೇಶ ಬಿಟ್ಟು ಬಂದವನು. 1942ರಲ್ಲಿ ಅವರ ವಿವಾಹವಾಯಿತು. ತಂದೆಯು ತೀರಿಕೊಂಡು ತನಗೆ ಬಂದ ಅಲ್ಪ ಹಣದಲ್ಲಿ ಆಕೆಯು ಯಾರೋ ಬಳಸಿದ್ದ ಒಂದು ಬೋಲೆಕ್ಸ್ ಕ್ಯಾಮರಾವನ್ನು ಕೊಂಡಳು. ಹೆಸರನ್ನೂ ಆಗಲೇ ಬದಲಿಸಿ ‘ಮಾಯಾ’ ಎಂದಿಟ್ಟುಕೊಂಡಳು. ಈ ಹೆಸರು ನಮಗೆ ಹೊಸತಲ್ಲ. ಬುದ್ಧನ ತಾಯಿಯ ಹೆಸರು ಅದೇ. ಇಲ್ಲದುದನ್ನು ಇರುವಂತೆ ತೋರಿಸುವ ಶಕ್ತಿಗೂ ಅದೇ ಹೆಸರು. ಬೆಳಕನ್ನೂ ನೆರಳನ್ನೂ ಬಳಸಿ ಬದುಕುವವಳಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಕ್ಕಲಾರದು.

1943ರಲ್ಲಿ ಗಂಡಹೆಂಡಿರು ತಮ್ಮ ಬಾಡಿಗೆಯ ಮನೆಯಲ್ಲಿಯೇ ‘ಮೆಷಸ್ ಆಫ್ ದಿ ಆಫ್ಟರ್‌ನೂನ್’ ಎಂಬ ಚಿತ್ರವನ್ನು ತೆಗೆದರು. ಮಧ್ಯಾಹ್ನದ ಬಲೆಗಳು ಎಂದು ಅದರ ಅರ್ಥ. ಅದು ಸುಮಾರು ಹದಿನಾಲ್ಕು ನಿಮಿಷಗಳ ಮೂಕಚಿತ್ರ. ಈಗ ಅದರೊಡನೆ ಕೇಳಿಬರುವ ಸಂಗೀತವು ಬಹು ವರ್ಷಗಳ ತರುವಾಯ ಸೇರಿದುದು. ಹಾಲಿವುಡ್ಡಿನ ಬೃಹತ್ ಕಾರ್ಖಾನೆಗಳು ಇದ್ದ ಊರಿನಲ್ಲಿಯೇ, ಅವುಗಳ ಒಂದು ದೀಪವನ್ನೂ ಎರವಲು ತರದೆ, ಕಿಟಕಿಯ ಬಿಸಿಲನ್ನೇ ಹೆಚ್ಚಾಗಿ ನೆಚ್ಚಿ ಈ ಚಿತ್ರವು ಹುಟ್ಟಿತು. ಅವರು ತುಟಿಯ ಬಣ್ಣಕ್ಕೆ ಖರ್ಚುಮಾಡುವಷ್ಟರಲ್ಲಿ ತಾನು ಇಡೀ ಚಿತ್ರವನ್ನೇ ತೆಗೆಯುವೆನೆಂದು ಆಕೆಯು ಮುಂದೆ ನಗೆಯಾಡುತ್ತಿದ್ದಳೆಂದು ಪ್ರಸಿದ್ಧಿ.

ಕಥೆಯೆಂಬುದು ಇದರಲ್ಲಿ ಅತ್ಯಲ್ಪ. ಒಬ್ಬ ಹೆಂಗಸು ಮನೆಗೆ ಬರುವಳು. ಕುರ್ಚಿಯಲ್ಲಿ ಕುಳಿತು ನಿದ್ರೆಹೋಗುವಳು. ಕನಸಿನಲ್ಲಿ ಅದೇ ಹಾದಿ, ಅದೇ ಬಾಗಿಲು, ಅದೇ ಮೆಟ್ಟಿಲುಗಳು ಮತ್ತೆ ಮತ್ತೆ ಬರುವುವು. ಬೀಗದ ಕೈ, ಬ್ರೆಡ್ಡಿನಲ್ಲಿ ನೆಟ್ಟ ಚಾಕು, ಒಂದು ಹೂವು, ಟೆಲಿಫೋನು ಇವು ಪ್ರತಿಸಾರಿಯೂ ಬೇರೆ ಬೇರೆ ಸ್ಥಳದಲ್ಲಿ ಕಾಣುವುವು. ಕಪ್ಪು ಉಡುಪಿನ ಒಂದು ಆಕೃತಿಯು ಮುಂದೆ ಹೋಗುವುದು. ಅದು ತಿರುಗಿದರೆ ಮುಖವಿರಬೇಕಾದಲ್ಲಿ ಕನ್ನಡಿಯಿರುವುದು. ನಿತ್ಯದ ಸಾಮಾನುಗಳೇ ಭಯವನ್ನು ಹುಟ್ಟಿಸುವುವು. ಜ್ವರ ಬಂದು ಮಧ್ಯಾಹ್ನ ಮಲಗಿದ್ದವರಿಗೆ ಈ ಅನುಭವವು ಅಪರಿಚಿತವಲ್ಲ.

ಇದರಲ್ಲಿ ಒಂದು ಸ್ಥಳವು ನಮ್ಮ ಪಾಠಕ್ಕೆ ಮುಖ್ಯವಾದುದು. ಆ ಹೆಂಗಸು ಮಲಗಿರುವ ತನ್ನನ್ನೇ ಇರಿಯಲು ಎದ್ದು ನಡೆಯುವಳು. ಒಂದು ಹೆಜ್ಜೆ ಕಡಲ ತೀರದ ಮರಳಿನ ಮೇಲೆ, ಮುಂದಿನದು ಹುಲ್ಲಿನ ಮೇಲೆ, ಮತ್ತೊಂದು ಗಟ್ಟಿ ನೆಲದ ಮೇಲೆ, ಕಡೆಯದು ಮನೆಯ ಜಮಖಾನದ ಮೇಲೆ ಬೀಳುವುದು. ನೋಡುವವರಿಗೆ ಅದು ಒಂದೇ ನಡಿಗೆ. ಕಾಲಿನ ಚಲನೆಯು ತಡೆಯಿಲ್ಲದೆ ಮುಂದುವರಿದರೆ ಕಣ್ಣು ಸ್ಥಳದ ಬದಲಾವಣೆಯನ್ನು ಒಪ್ಪಿಕೊಂಡುಬಿಡುತ್ತದೆ. ತನ್ನನ್ನು ತಾನು ಮುಟ್ಟಬೇಕಾದರೆ ಮನುಷ್ಯನು ಎಷ್ಟು ದೂರ ನಡೆಯಬೇಕು ಎಂಬುದನ್ನು ಒಂದು ಮಾತೂ ಇಲ್ಲದೆ ಕೆಲವೇ ಹೆಜ್ಜೆಗಳಲ್ಲಿ ಆಕೆಯು ಹೇಳಿದಳು. ಇದಕ್ಕೆ ಹಣ ಬೇಕಾಗಲಿಲ್ಲ, ಆಲೋಚನೆ ಬೇಕಾಯಿತು.

ಈ ಚಿತ್ರವು ಯಾರದು ಎಂಬ ವಾದವು ಮುಂದೆ ಎದ್ದಿತು. ಯಂತ್ರವನ್ನು ಬಲ್ಲವನು ಹಮ್ಮಿಡ್ ಆದುದರಿಂದ ಚಿತ್ರವು ಆತನದೇ ಎಂದರು ಕೆಲವರು. ಬೇರೆ ಕೆಲವರು ಆತನ ಹೆಸರನ್ನೇ ಬಿಟ್ಟು ಮಾತನಾಡಿದರು. ಎರಡೂ ಅನ್ಯಾಯವೇ. ಚಿತ್ರದ ಆರಂಭದಲ್ಲಿ ಇಬ್ಬರ ಹೆಸರೂ ಇವೆ. ಇಬ್ಬರು ಕೂಡಿ ಮಾಡಿದ ಕೆಲಸದಲ್ಲಿ ಹೆಂಗಸಿನ ಪಾಲನ್ನು ಅಳಿಸುವುದು ಹಳೆಯ ದೋಷ. ಅದನ್ನು ತಿದ್ದುವುದಕ್ಕಾಗಿ ಗಂಡಸಿನ ಪಾಲನ್ನು ಅಳಿಸುವುದು ಹೊಸ ದೋಷ.

ಯಂತ್ರದ ವಿಚಾರ

ಈಗ ಆ ಯಂತ್ರದ ವಿಷಯವಾಗಿ ಸ್ವಲ್ಪ ತಿಳಿದುಕೊಳ್ಳೋಣ. ಇದನ್ನು ಬಿಟ್ಟರೆ ಆಕೆಯ ಕಲೆಯು ಅರ್ಥವಾಗದು.

ಬೋಲೆಕ್ಸ್ ಎಂಬುದು ಸ್ವಿಟ್ಜರ್ಲೆಂಡಿನಲ್ಲಿ ತಯಾರಾದ, ಕೈಯಲ್ಲಿ ಹಿಡಿಯಬಹುದಾದ ಚಿಕ್ಕ ಕ್ಯಾಮರಾ. ಅದಕ್ಕೆ ವಿದ್ಯುಚ್ಛಕ್ತಿಯು ಬೇಕಿಲ್ಲ. ಗೋಡೆಯ ಗಡಿಯಾರಕ್ಕೆ ಕೀಲಿ ಕೊಡುವಂತೆ ಅದರ ಸುರುಳಿಗೆ ಕೀಲಿ ಕೊಡಬೇಕು. ಒಂದು ಸಲ ಪೂರ್ತಿ ಕೊಟ್ಟರೆ ಹೆಚ್ಚುಕಡಿಮೆ ಅರ್ಧ ನಿಮಿಷ ಓಡುವುದು. ಅದರಲ್ಲಿ ಬಳಸುವ ಫಿಲ್ಮಿನ ಅಗಲ 16 ಮಿಲಿಮೀಟರು. ಒಂದು ಅಡಿ ಉದ್ದದಲ್ಲಿ 40 ಚಿತ್ರಗಳು ಹಿಡಿಯುವುವು. ಸುರುಳಿಯೊಂದಕ್ಕೆ 100 ಅಡಿ ಎಂದರೆ 4000 ಚಿತ್ರಗಳಾದುವು. ಸೆಕೆಂಡಿಗೆ 24 ಚಿತ್ರಗಳಂತೆ ತೆಗೆದರೆ ಮೂರು ನಿಮಿಷವೂ ಪೂರ್ತಿಯಾಗದೆ ಸುರುಳಿಯು ತೀರಿಹೋಗುವುದು. ಸುರುಳಿಗೂ ಹಣ, ಅದನ್ನು ತೊಳೆಯಿಸುವುದಕ್ಕೂ ಹಣ. ಆದಕಾರಣ ಗುಂಡಿಯನ್ನು ಒತ್ತುವುದಕ್ಕೆ ಮೊದಲೇ ತೆಗೆಯಬೇಕಾದುದು ಏನೆಂಬುದು ಮನಸ್ಸಿನಲ್ಲಿ ನಿಶ್ಚಯವಾಗಿರಬೇಕು.

ಈ ಯಂತ್ರದ ವೇಗವನ್ನು ಸೆಕೆಂಡಿಗೆ 8 ಚಿತ್ರಗಳಿಂದ 64 ಚಿತ್ರಗಳವರೆಗೆ ಹೊಂದಿಸಬಹುದು. ಒಬ್ಬಳು ಹಾರಿ ನೆಲ ಮುಟ್ಟಲು ಒಂದು ಸೆಕೆಂಡು ಹಿಡಿಯಿತೆಂದು ಇಟ್ಟುಕೊಳ್ಳಿರಿ. 64ರ ವೇಗದಲ್ಲಿ ತೆಗೆದರೆ 64 ಚಿತ್ರಗಳಾದುವು. ಅವನ್ನು ಸೆಕೆಂಡಿಗೆ 16ರಂತೆ ಪರದೆಯ ಮೇಲೆ ಬಿಟ್ಟರೆ ಆ ಹಾರುವಿಕೆಯು ನಾಲ್ಕು ಸೆಕೆಂಡು ನಡೆಯುವುದು. ಹಾರಿದವಳು ತೇಲುವಂತೆ ಕಾಣುವಳು. ಕಡಿಮೆ ವೇಗದಲ್ಲಿ ತೆಗೆದರೆ ಇದಕ್ಕೆ ವಿಪರೀತವಾಗಿ ಓಟವು ಚುರುಕಾಗುವುದು. ಮೆಲ್ಲನೆಯ ಚಲನೆಯೆಂದರೆ ಕೇವಲ ನಿಧಾನವಲ್ಲ, ಕಾಲವನ್ನೇ ದೊಡ್ಡದುಮಾಡಿ ನೋಡುವ ಗಾಜು ಎಂಬುದು ಡೆರೆನಳ ಅಭಿಪ್ರಾಯ. ನಾವು ಸೂಕ್ಷ್ಮದರ್ಶಕದಲ್ಲಿ ಎಲೆಯ ನರಗಳನ್ನು ಕಾಣುವಂತೆ, ಇದರಲ್ಲಿ ಒಂದು ಚಲನೆಯ ಒಳಗಿರುವ ಅಳುಕನ್ನೂ ಪ್ರಯತ್ನವನ್ನೂ ಕಾಣುವೆವು.

1945ರಲ್ಲಿ ತೆಗೆದ ‘ಎ ಸ್ಟಡಿ ಇನ್ ಕೊರಿಯೋಗ್ರಫಿ ಫಾರ್ ಕ್ಯಾಮರಾ’ ಎಂಬ ಚಿತ್ರವು ಇದಕ್ಕೆಲ್ಲ ಉತ್ತಮ ನಿದರ್ಶನ. ಅದರ ಉದ್ದವು ಮೂರು ನಿಮಿಷಕ್ಕೂ ಕಡಿಮೆ. ಟಾಲಿ ಬೀಟಿ ಎಂಬ ನರ್ತಕನು ಕಾಡಿನಲ್ಲಿ ಕಾಲೆತ್ತುವನು. ಆ ಕಾಲು ಇಳಿಯುವುದು ಒಂದು ಮನೆಯ ಕೋಣೆಯಲ್ಲಿ. ಅಲ್ಲಿಂದ ವಸ್ತುಸಂಗ್ರಹಾಲಯದ ವಿಶಾಲವಾದ ಹಜಾರಕ್ಕೆ; ಕಡೆಯಲ್ಲಿ ಒಂದು ದೀರ್ಘವಾದ ಹಾರುವಿಕೆ. ಯಾವ ಮನುಷ್ಯನೂ ಅಷ್ಟು ಹೊತ್ತು ಗಾಳಿಯಲ್ಲಿ ಇರಲಾರನು. ಹಲವು ತುಂಡುಗಳನ್ನು ಬೇರೆ ಬೇರೆ ವೇಗದಲ್ಲಿ ತೆಗೆದು ಜೋಡಿಸಿದುದರಿಂದ ಅದು ಸಾಧ್ಯವಾಯಿತು. ಇಲ್ಲಿ ಕ್ಯಾಮರಾವು ನಾಟ್ಯವನ್ನು ದೂರದಲ್ಲಿ ಕುಳಿತು ನೋಡುವ ಪ್ರೇಕ್ಷಕನಲ್ಲ, ನರ್ತಕನ ಜೊತೆಗಾರ. ಇಂಥ ನೃತ್ಯವು ಚಿತ್ರದಲ್ಲಲ್ಲದೆ ಯಾವ ರಂಗದ ಮೇಲೂ ನಡೆಯಲಾರದು.

ಇದಕ್ಕೆ ಹಿಂದಿನ ವರ್ಷ, ಎಂದರೆ 1944ರಲ್ಲಿ, ‘ಅಟ್ ಲ್ಯಾಂಡ್’ ಎಂಬ ಚಿತ್ರವನ್ನು ಮಾಡಿದ್ದಳು. ಕಡಲಿನ ಅಲೆಗಳು ಒಬ್ಬ ಹೆಂಗಸನ್ನು ದಡಕ್ಕೆ ತಂದು ಹಾಕುವುವು. ಆಕೆಯು ಒಣಗಿದ ಮರದ ಬೊಡ್ಡೆಯನ್ನು ಹತ್ತಿದರೆ ಅದರ ಮೇಲ್ತುದಿಯಲ್ಲಿ ಔತಣದ ಮೇಜು ಇರುವುದು. ಆಕೆಯು ಅದರ ಮೇಲೆ ತೆವಳುತ್ತ ಹೋದರೂ ಸುತ್ತ ಕುಳಿತವರಾರೂ ಆಕೆಯನ್ನು ಕಾಣರು. ಪರದೇಶದಲ್ಲಿ ನೆಲೆಯನ್ನರಸಿ ಬಂದವರ ಪಾಡನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ. ಈ ಚಿತ್ರದಲ್ಲಿಯೂ 1946ರ ‘ರಿಚುಅಲ್ ಇನ್ ಟ್ರಾನ್ಸ್‌ಫಿಗರ್ಡ್ ಟೈಮ್’ ಎಂಬುದರಲ್ಲಿಯೂ ಡೆರೆನ್ ತಾನೇ ನಟಿಸಬೇಕಾಗಿದ್ದುದರಿಂದ, ಹೆಲ್ಲಾ ಹೇಮನ್ ಎಂಬ ತರುಣಿಯು ಕ್ಯಾಮರಾವನ್ನು ನಡೆಯಿಸಿದಳು. ಡೆರೆನಳ ಹೆಸರು ಕೇಳಿದವರೆಲ್ಲರೂ ಹೇಮನಳ ಹೆಸರನ್ನು ಕೇಳಿರಲಾರರು. ಆದರೂ ಆ ಚಿತ್ರಗಳನ್ನು ಕಾಣುವವರು ಕಾಣುವುದು ಹೇಮನಳ ಕಣ್ಣಿನಿಂದಲೇ.

ಚಿತ್ರವನ್ನು ಜನರಿಗೆ ಮುಟ್ಟಿಸಿದ ಬಗೆ

ಚಿತ್ರವು ಸಿದ್ಧವಾದರೆ ಸಾಲದು; ತೋರಿಸುವ ಸ್ಥಳ ಬೇಕು. ಆ ಕಾಲದ ಚಿತ್ರಮಂದಿರಗಳು ದೊಡ್ಡ ಕಂಪೆನಿಗಳ ಕೈಯಲ್ಲಿದ್ದುವು. ಹದಿನಾಲ್ಕು ನಿಮಿಷದ ಮೂಕಚಿತ್ರವನ್ನು ಕೊಳ್ಳುವವರು ಯಾರೂ ಇರಲಿಲ್ಲ. ಡೆರೆನ್ ಕಾದು ಕುಳಿತುಕೊಳ್ಳಲಿಲ್ಲ. 1946ನೆಯ ಫೆಬ್ರವರಿ ತಿಂಗಳಲ್ಲಿ ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನಲ್ಲಿದ್ದ ಪ್ರಾವಿನ್ಸ್‌ಟೌನ್ ಪ್ಲೇಹೌಸ್ ಎಂಬ ಚಿಕ್ಕ ನಾಟಕಶಾಲೆಯನ್ನು ಬಾಡಿಗೆಗೆ ಹಿಡಿದು ತನ್ನ ಮೂರು ಚಿತ್ರಗಳನ್ನು ತಾನೇ ಪ್ರದರ್ಶಿಸಿದಳು. ಜಾಗ ಸಾಲದೆ ಜನರು ಹಿಂದಿರುಗುವಂತಾಯಿತು. ಆ ಪ್ರದರ್ಶನಗಳಿಂದ ಪ್ರೇರಿತನಾದ ಏಮಸ್ ವೋಗೆಲ್ ಎಂಬಾತನು ಪತ್ನಿ ಮಾರ್ಸಿಯಾಳೊಡನೆ 1947ರಲ್ಲಿ ‘ಸಿನೆಮಾ 16’ ಎಂಬ ಚಿತ್ರಸಂಘವನ್ನು ಸ್ಥಾಪಿಸಿದನು. ಅಂಗಡಿಯ ಸರಕಲ್ಲದ ಚಿತ್ರಗಳಿಗೆ ಆ ಸಂಘವು ಬಹು ವರ್ಷ ಆಶ್ರಯವಾಯಿತು.

1946ರಲ್ಲಿಯೇ ಆಕೆಗೆ ಗುಗ್ಗನ್‌ಹೀಮ್ ಸಂಸ್ಥೆಯ ವೇತನವು ದೊರೆಯಿತು. ಚಲಚ್ಚಿತ್ರವೆಂಬ ಕಲೆಗಾಗಿ ಆ ವೇತನವನ್ನು ಮೊದಲು ಪಡೆದವಳು ಈಕೆಯೇ. 1947ರಲ್ಲಿ ಫ್ರಾನ್ಸಿನ ಕಾನ್ ಉತ್ಸವದಲ್ಲಿ ಆಕೆಯ ಮೊದಲ ಚಿತ್ರಕ್ಕೆ 16 ಮಿಲಿಮೀಟರಿನ ಪ್ರಾಯೋಗಿಕ ಚಿತ್ರಗಳ ಬಹುಮಾನವು ಬಂದಿತು. ಆಕೆಯು ಕರಪತ್ರಗಳನ್ನು ಮುದ್ರಿಸಿ, ವಿಶ್ವವಿದ್ಯಾನಿಲಯಗಳಿಗೂ ವಸ್ತುಸಂಗ್ರಹಾಲಯಗಳಿಗೂ ಬಾಡಿಗೆಯ ಮೇಲೆ ಚಿತ್ರಗಳನ್ನು ಕಳುಹಿಸಿ, ಊರೂರಿಗೆ ಹೋಗಿ ಉಪನ್ಯಾಸ ಕೊಟ್ಟಳು. ‘ಕಲೆ, ರೂಪ, ಚಲಚ್ಚಿತ್ರ’ ಎಂಬ ವಿಷಯಗಳ ಮೇಲೆ ಒಂದು ಚಿಕ್ಕ ಪುಸ್ತಕವನ್ನೂ 1946ರಲ್ಲಿ ಪ್ರಕಟಿಸಿದಳು. 1955ರಲ್ಲಿ ತನ್ನಂತಹ ಇತರರಿಗೆ ನೆರವಾಗಲೆಂದು ‘ಕ್ರಿಯೇಟಿವ್ ಫಿಲ್ಮ್ ಫೌಂಡೇಷನ್’ ಎಂಬ ಸಂಸ್ಥೆಯನ್ನು ಕಟ್ಟಿದಳು.

ಹವ್ಯಾಸಿ ಎಂಬ ಮಾತಿನ ವಿಷಯದಲ್ಲಿ ಆಕೆಯು ಬರೆದುದು ನೆನಪಿಡತಕ್ಕದ್ದು. ಇಂಗ್ಲಿಷಿನ ‘ಅಮೆಚೂರ್’ ಎಂಬ ಶಬ್ದವು ಲ್ಯಾಟಿನ್ ಭಾಷೆಯಲ್ಲಿ ಪ್ರೀತಿಸುವವನು ಎಂಬರ್ಥದ ಪದದಿಂದ ಬಂದುದು. ಹಣಕ್ಕಾಗಿ ಅಲ್ಲದೆ ಪ್ರೀತಿಗಾಗಿ ಮಾಡುವವನು ನಾಚಬೇಕಾದುದಿಲ್ಲ. ದೊಡ್ಡ ಕಂಪೆನಿಯ ನೌಕರನಿಗೆ ಇಲ್ಲದ ಸ್ವಾತಂತ್ರ್ಯವು ಅವನಿಗೆ ಉಂಟು. ದುಬಾರಿಯ ಸಾಮಗ್ರಿಗಾಗಿ ಹಂಬಲಿಸುವುದಕ್ಕಿಂತ ತನ್ನ ಚುರುಕಾದ ದೇಹವನ್ನೂ ಕಲ್ಪನೆಯುಳ್ಳ ಮನಸ್ಸನ್ನೂ ಅವನು ಬಳಸಲಿ ಎಂಬುದು ಆಕೆಯ ವಾದ. ಹುಡುಗನೊಬ್ಬನ ಐದು ರೊಟ್ಟಿ ಎರಡು ಮೀನಿನ ವೃತ್ತಾಂತವನ್ನು ಬಲ್ಲ ನಮಗೆ ಈ ವಾದವು ವಿಚಿತ್ರವಾಗಿ ತೋರಬಾರದು. ಇಷ್ಟರಿಂದ ಏನಾದೀತು ಎಂದು ಕೇಳಿದವರು ಅಲ್ಲಿಯೂ ಇದ್ದರು.

ಹೈಟಿಯಲ್ಲಿ

1947ರಲ್ಲಿ ಡೆರೆನ್ ಆ ವೇತನದ ಸಹಾಯದಿಂದ ಹೈಟಿಗೆ ಹೋದಳು. ಆಫ್ರಿಕಾದಿಂದ ದಾಸರಾಗಿ ತರಲ್ಪಟ್ಟವರ ಸಂತತಿಯ ಜನರು ಅಲ್ಲಿ ವಾಸಿಸುವರು. ಅವರಲ್ಲಿ ‘ವೂಡೂ’ ಎಂಬ ಆರಾಧನೆಯು ರೂಢಿಯಲ್ಲಿದೆ. ತಾಳಮದ್ದಳೆಗಳ ನಡುವೆ ದೇವತೆಗಳು ಭಕ್ತರ ಮೈಮೇಲೆ ಬರುವುವೆಂದು ಅವರ ನಂಬಿಕೆ. ಅಲ್ಲಿನ ನೃತ್ಯಗಳನ್ನು ಚಿತ್ರಿಸಿ, ಬೇರೆ ದೇಶದ ನೃತ್ಯಗಳೊಡನೆಯೂ ಮಕ್ಕಳ ಆಟಗಳೊಡನೆಯೂ ಹೊಂದಿಸಿ ಒಂದು ಕಲಾಕೃತಿಯನ್ನು ಮಾಡಬೇಕೆಂಬುದು ಆಕೆಯ ಸಂಕಲ್ಪವಾಗಿತ್ತು. ಮುಂದಿನ ಕೆಲವು ವರ್ಷಗಳಲ್ಲಿ ಮತ್ತೆ ಮತ್ತೆ ಹೋಗಿ ಸಾವಿರಾರು ಅಡಿ ಫಿಲ್ಮನ್ನು ತಾನೇ ತೆಗೆದಳು.

ಆದರೆ ಆ ಚಿತ್ರವನ್ನು ಆಕೆಯು ಪೂರ್ತಿಮಾಡಲಿಲ್ಲ. ಇದಕ್ಕೆ ಕಾರಣವನ್ನು ಆಕೆಯೇ ಹೇಳಿದಳು. ನೃತ್ಯವು ಅಲ್ಲಿಯ ಜನರ ನಂಬಿಕೆಯ ಒಂದು ಅಂಗ. ಅದನ್ನು ನಂಬಿಕೆಯಿಂದ ಕಿತ್ತು ತನ್ನ ಇಷ್ಟದಂತೆ ಜೋಡಿಸಿದರೆ ಸುಳ್ಳಾಗುವುದು ಎಂದು ಆಕೆಗೆ ಮನದಟ್ಟಾಯಿತು. ಕಲಾವಿದೆಯಾಗಿ ಹೋದವಳು ವಿನಯದಿಂದ ಕಂಡುದನ್ನು ಬರೆದಿಡುವವಳಾಗಿ ಹಿಂದಿರುಗಿ, 1953ರಲ್ಲಿ ‘ಡಿವೈನ್ ಹಾರ್ಸ್‌ಮೆನ್’ ಎಂಬ ದೊಡ್ಡ ಗ್ರಂಥವನ್ನು ಪ್ರಕಟಿಸಿದಳು. ಆ ಫಿಲ್ಮು ಆಕೆಯ ಮರಣಾನಂತರ ಬೇರೆಯವರಿಂದ ಜೋಡಿಸಲ್ಪಟ್ಟಿತು.

ಆ ಆರಾಧನೆಯಲ್ಲಿ ಆಕೆಯು ಪ್ರೇಕ್ಷಕಳಾಗಿ ಉಳಿಯದೆ ಭಾಗಿಯಾದಳು. ತಾನೂ ಆವೇಶಕ್ಕೆ ಒಳಗಾದುದನ್ನು ಗ್ರಂಥದ ಕೊನೆಯ ಅಧ್ಯಾಯದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾಳೆ. ಕ್ರೈಸ್ತ ಶಾಲೆಯ ಉಪಾಧ್ಯಾಯಿನಿಯಾದ ನಾನು ಈ ವಿಷಯದಲ್ಲಿ ಆಕೆಯೊಡನೆ ನಡೆಯಲಾರೆನು. ನೀವು ನಡೆಯಬೇಕೆಂದೂ ಹೇಳೆನು. ಆದರೆ ಈ ಭಾಗವನ್ನು ಪಾಠದಿಂದ ಬಿಟ್ಟುಬಿಡುವುದು ಪ್ರಾಮಾಣಿಕವಾಗದು. ನಮ್ಮ ಕರಾವಳಿಯ ಕೋಲಗಳನ್ನು ಅರ್ಧ ಗಂಟೆ ನೋಡಿ, ಬಣ್ಣವನ್ನೂ ಬೆಂಕಿಯನ್ನೂ ಮಾತ್ರ ಹಿಡಿದುಕೊಂಡು ಹೋಗುವ ಕ್ಯಾಮರಾಗಳು ಈಗ ಎಷ್ಟೋ ಇವೆ. ತನ್ನದಲ್ಲದ ಜನರ ಪವಿತ್ರ ವಸ್ತುವಿನ ಎದುರಿಗೆ ನಿಂತು, ಇದನ್ನು ನನ್ನ ಕೀರ್ತಿಗಾಗಿ ಬಳಸಕೂಡದು ಎಂದು ಕೈ ಹಿಂದೆಗೆದುಕೊಂಡವರು ವಿರಳ. ಸತ್ಯಕ್ಕಾಗಿ ತನ್ನ ಪ್ರೀತಿಯ ಕೆಲಸವನ್ನೇ ಅಪೂರ್ಣವಾಗಿ ಬಿಟ್ಟುದನ್ನು ನಾನು ಗೌರವಿಸುತ್ತೇನೆ. ಮತವು ಬೇರೆಯಾದರೂ ಗುಣವನ್ನು ಗುಣವೆಂದು ಒಪ್ಪಿಕೊಳ್ಳುವುದು ನಮ್ಮ ಧರ್ಮಕ್ಕೆ ವಿರುದ್ಧವಲ್ಲ. ದಾರಿಯಲ್ಲಿ ಬಿದ್ದವನನ್ನು ಎತ್ತಿದವನು ಸಮಾರ್ಯದವನೆಂದು ಹೇಳಲು ನಮ್ಮ ಕರ್ತನು ಹಿಂಜರಿಯಲಿಲ್ಲವಲ್ಲವೆ?

ಕೊನೆಯ ವರ್ಷಗಳು

1948ರಲ್ಲಿ ಚಾವೋ ಲಿ ಚೀ ಎಂಬ ಚೀನೀ ತರುಣನ ಅಂಗಸಾಧನೆಯನ್ನು ಕುರಿತು ‘ಮೆಡಿಟೇಷನ್ ಆನ್ ವಯಲೆನ್ಸ್’ ಎಂಬ ಚಿತ್ರವನ್ನು ತೆಗೆದಳು. ಅದರ ಒಂದು ಭಾಗವು ಹಿಂದುಮುಂದಾಗಿ ಓಡುವುದು. ಆದರೂ ಆ ತರುಣನ ಸಮತೂಕವು ಎಷ್ಟು ಪೂರ್ಣವೆಂದರೆ ನೋಡುವವರಿಗೆ ಗುರುತೇ ಸಿಕ್ಕದು. ಕೊನೆಯದಾಗಿ ಪೂರ್ತಿಮಾಡಿದುದು ‘ದಿ ವೆರಿ ಐ ಆಫ್ ನೈಟ್’. ಇದರಲ್ಲಿ ನರ್ತಕರು ಕರಿಯ ಆಕಾಶದಲ್ಲಿ ಬೆಳ್ಳಗೆ ನಕ್ಷತ್ರಗಳಂತೆ ತೇಲುವರು. ಪಡಿಯಚ್ಚು ಮಾಡದೆ ನೆಗೆಟಿವನ್ನೇ ತೋರಿಸಿದುದರಿಂದ ಆದ ಚಮತ್ಕಾರವಿದು. ಹದಿನೈದು ನಿಮಿಷಗಳ ಈ ಚಿತ್ರವು ಹಣದ ಅಡಚಣೆಯಿಂದ ವರ್ಷಗಟ್ಟಲೆ ತಡೆದು 1959ರಲ್ಲಿ ನ್ಯೂಯಾರ್ಕಿನ ಜನರೆದುರಿಗೆ ಬಂದಿತು. ಇದಕ್ಕೆ ಸಂಗೀತವನ್ನು ರಚಿಸಿದ ಟೇಜಿ ಈಟೋ ಎಂಬ ಜಪಾನೀಯನನ್ನು ಆಕೆಯು ಆ ಬಳಿಕ ವಿವಾಹವಾದಳು. ಹಮ್ಮಿಡನೊಡನೆ ಆಗಿದ್ದ ವಿವಾಹವು 1947ರಲ್ಲಿಯೇ ಮುರಿದಿತ್ತು.

1961ನೆಯ ಅಕ್ಟೋಬರ್ 13ರಂದು ಮೆದುಳಿನಲ್ಲಿ ರಕ್ತಸ್ರಾವವಾಗಿ ಮಾಯಾ ಡೆರೆನ್ ತೀರಿಕೊಂಡಳು. ವಯಸ್ಸು ನಲವತ್ತನಾಲ್ಕು. ಆಕೆಯು ಪೂರ್ತಿಮಾಡಿ ಹೊರತಂದ ಚಿತ್ರಗಳನ್ನೆಲ್ಲ ಒಟ್ಟಿಗೆ ಕೂಡಿಸಿದರೂ ಸಾಧಾರಣ ಚಲಚ್ಚಿತ್ರವೊಂದರ ಉದ್ದವಾಗದು. ಬಡತನವು ಕೊನೆಯವರೆಗೂ ಬಿಡಲಿಲ್ಲ. ಇದನ್ನು ನಿಮ್ಮಿಂದ ಮರೆಮಾಡಲಾರೆನು. ಸ್ವಾತಂತ್ರ್ಯವು ಒಳ್ಳೆಯದೆಂದು ಹೇಳಿ ಅದರ ಬೆಲೆಯನ್ನು ಹೇಳದಿರುವ ಗುರುವು ಶಿಷ್ಯರಿಗೆ ಹಿತವನ್ನು ಮಾಡಿದಂತಾಗದು. ಬಾಡಿಗೆಗೂ ಫಿಲ್ಮಿಗೂ ನಡುವೆ ಆರಿಸಿಕೊಳ್ಳಬೇಕಾದ ದಿನಗಳು ಇಂಥವರ ಬಾಳಿನಲ್ಲಿ ಬಂದೇ ಬರುವುವು. ಆದುದರಿಂದ ಈ ಹಾದಿಯನ್ನು ಹಿಡಿಯಬಯಸುವವಳು ಜೀವನೋಪಾಯಕ್ಕೆ ಒಂದು ವಿದ್ಯೆಯನ್ನು ಕೈಯಲ್ಲಿಟ್ಟುಕೊಂಡೇ ಹೊರಡುವುದು ವಿವೇಕ. ಡೆರೆನಳಿಗೂ ಬೆರಳಚ್ಚಿನ ಕೆಲಸವು ಅನ್ನವನ್ನು ಕೊಟ್ಟುದನ್ನು ಮರೆಯಬೇಡಿರಿ.

ಆಕೆಯು ಸತ್ತು ಸುಮಾರು ಮೂವತ್ತು ವರ್ಷಗಳಾದ ಮೇಲೆ, 1990ರಲ್ಲಿ, ಆ ಬಾಡಿಗೆಯ ಮನೆಯ ಹದಿನಾಲ್ಕು ನಿಮಿಷದ ಚಿತ್ರವನ್ನು ಅಮೇರಿಕಾದ ರಾಷ್ಟ್ರೀಯ ಚಲಚ್ಚಿತ್ರ ಪಟ್ಟಿಯಲ್ಲಿ ಸೇರಿಸಿ, ಶಾಶ್ವತವಾಗಿ ಕಾಪಾಡತಕ್ಕ ಕೃತಿಯೆಂದು ಎಣಿಸಿದರು.

ಈ ಪಾಠದ ಸಾರ

ಡೆರೆನಳ ಕಾಲದಲ್ಲಿ ಕ್ಯಾಮರಾ ಕೊಳ್ಳುವುದಕ್ಕೆ ಪಿತ್ರಾರ್ಜಿತವು ಬೇಕಾಯಿತು. ಈಗ ನಮ್ಮ ಹಳ್ಳಿಯ ಮನೆಗಳಲ್ಲಿಯೂ ಅಣ್ಣನ ಕೈಯಲ್ಲೋ ಅಪ್ಪನ ಜೇಬಿನಲ್ಲೋ ಇರುವ ಮೊಬೈಲ್ ಫೋನು ಆಕೆಯ ಬೋಲೆಕ್ಸಿಗಿಂತ ಹೆಚ್ಚು ಹೊತ್ತು ಓಡುವುದು; ಅದಕ್ಕೆ ಸುರುಳಿಯ ಖರ್ಚೂ ಇಲ್ಲ. ಸಾಧನದ ಕೊರತೆಯೆಂಬ ನೆಪವು ಬಹುಮಟ್ಟಿಗೆ ಹೋಯಿತು. ಉಳಿದಿರುವ ಕೊರತೆ ಎರಡು. ಒಂದು, ಗುಂಡಿ ಒತ್ತುವುದಕ್ಕೆ ಮೊದಲು ಆಲೋಚಿಸುವ ಅಭ್ಯಾಸ. ಎರಡನೆಯದು, ಆ ಯಂತ್ರವು ಹುಡುಗಿಯ ಕೈಗೆ ಬಂದಾಗ ಮನೆಯವರು ಪಡುವ ಅನುಮಾನ. ಮೊದಲನೆಯದನ್ನು ನೀವೇ ತುಂಬಿಕೊಳ್ಳಬೇಕು. ಎರಡನೆಯದರ ವಿಷಯದಲ್ಲಿ, ಈ ಸಂಚಿಕೆಯನ್ನು ಓದುವ ತಂದೆತಾಯಿಗಳಲ್ಲಿ ನನ್ನ ವಿನಂತಿಯಿಷ್ಟೆ: ಮಗಳು ಚಿತ್ರದಲ್ಲಿ ಹೇಗೆ ಕಾಣುತ್ತಾಳೆ ಎಂದು ಚಿಂತಿಸುವಷ್ಟೇ ಕಾಳಜಿಯಿಂದ, ಆಕೆಯು ಲೋಕವನ್ನು ಹೇಗೆ ಕಾಣುತ್ತಾಳೆ ಎಂಬುದನ್ನೂ ಒಮ್ಮೆ ಕೇಳಿರಿ. ದೇವರು ಕೊಟ್ಟ ತಲಾಂತನ್ನು ಮಣ್ಣಿನಲ್ಲಿ ಹೂತಿಟ್ಟವನ ಕಥೆಯು ಗಂಡುಮಕ್ಕಳಿಗಾಗಿ ಮಾತ್ರ ಹೇಳಿದುದಲ್ಲ.

ಅಭ್ಯಾಸ

1. 100 ಅಡಿಯ 16 ಮಿಲಿಮೀಟರು ಫಿಲ್ಮನ್ನು ಸೆಕೆಂಡಿಗೆ 64 ಚಿತ್ರಗಳ ವೇಗದಲ್ಲಿ ತೆಗೆದರೆ ಎಷ್ಟು ಹೊತ್ತಿನಲ್ಲಿ ತೀರುವುದು? ಅದನ್ನೇ ಸೆಕೆಂಡಿಗೆ 16ರಂತೆ ತೋರಿಸಿದರೆ ಎಷ್ಟು ಹೊತ್ತು ನಡೆಯುವುದು? ಲೆಕ್ಕ ಮಾಡಿರಿ.

2. ಗೆಳತಿಯೊಬ್ಬಳು ಶಾಲೆಯ ಅಂಗಳದಲ್ಲಿ ಕಾಲೆತ್ತುವುದನ್ನೂ ತರಗತಿಯೊಳಗೆ ಕಾಲಿಡುವುದನ್ನೂ ಬೇರೆ ಬೇರೆಯಾಗಿ ತೆಗೆದು ಜೋಡಿಸಿ ನೋಡಿರಿ. ಒಂದೇ ಹೆಜ್ಜೆಯಂತೆ ಕಾಣಬೇಕಾದರೆ ಯಾವ ಯಾವ ಅಂಶಗಳು ಹೊಂದಬೇಕು?

3. ಒಬ್ಬ ಹುಡುಗಿಯು ತನ್ನ ಊರನ್ನು ಬಿಟ್ಟು ಬೋರ್ಡಿಂಗಿಗೆ ಬಂದ ಮೊದಲನೆಯ ಸಂಜೆಯನ್ನು, ಮಾತುಗಳಿಲ್ಲದೆ ವಸ್ತುಗಳಿಂದಲೂ ಚಲನೆಗಳಿಂದಲೂ ತೋರಿಸುವಂತೆ ಹತ್ತು ದೃಶ್ಯಗಳಲ್ಲಿ ಬರೆಯಿರಿ.

4. ಹೈಟಿಯ ಚಿತ್ರವನ್ನು ಡೆರೆನ್ ಪೂರ್ತಿಮಾಡದೆ ಬಿಟ್ಟುದು ಸರಿಯೇ? ಎರಡು ಪಕ್ಷಗಳನ್ನೂ ಯೋಚಿಸಿ ನಿಮ್ಮ ಅಭಿಪ್ರಾಯವನ್ನು ಒಂದು ಪುಟದಲ್ಲಿ ಬರೆಯಿರಿ.